ಐವತ್ತೊಂದನೆಯವನ ಎರಡು ಮಾತು

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಪಾದ್ರಿಗಳೇ, ಅವರ ಬಲಗಡೆ ಕೂತಿರುವ, ವಸತಿ ಇಲಾಖೆಯಿಂದ ಬಂದಿರುವ ಮುಖ್ಯ ಅತಿಥಿಗಳಾದ ಸಾಹೇಬರೇ, ಎಡಗಡೆ ಕೂತು ಈಗಾಗಲೇ ನನಗೆ ಐದು ಬೆರಳು ತೋರಿಸುತ್ತಿರುವ ಕಾರ್ಯದರ್ಶಿ ಮೇಡಂ ಅವರೇ, ಮುಂದಿನ ಸಾಲುಗಳಲ್ಲಿರುವ ಚರ್ಚಿನ ಹಿರಿಯರೇ, ಸ್ವಯಂಸೇವಕ ಗೆಳೆಯರೇ, ಹಿಂದಿನ ಸಾಲುಗಳಲ್ಲಿ ಗಂಟುಮೂಟೆ ತೊಡೆಯ ಮೇಲಿಟ್ಟುಕೊಂಡು ಕೂತಿರುವ ಐವತ್ತು ಜನ ಅತಿಥಿಗಳೇ, ಸಭಿಕರೇ,

ಎರಡು ಮಾತು ಆಡು ಅಂದಿದ್ದಾರೆ. ಆಡುತ್ತೇನೆ. ಆದರೆ ಯಾವ ಎರಡು ಅನ್ನೋದು ಇಲ್ಲಿ ಬಂದು ನಿಲ್ಲುವ ತನಕ ನನಗೆ ಗೊತ್ತಿರಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ. ಭಾಷಣ ಬರೆದು ಅಭ್ಯಾಸವಿಲ್ಲ. ಹಾಗಾಗಿ ಮೂರು ದಿನದಿಂದ ಮೊಬೈಲಿಗೆ ಹೇಳಿಕೊಳ್ಳುತ್ತಿದ್ದೆ. ನಾನು ಹೇಳಿದ್ದನ್ನ ಅದು ಬರೆದುಕೊಳ್ಳುತ್ತದೆ. ನಾನು 'ಮಾನ್ಯ ಮಹನೀಯರೇ' ಅಂದರೆ ಅದು 'ಮಾನ್ಯ, ಮನೆ ಯಾರದು' ಅಂತ ಬರೆಯಿತು. ನಾಲ್ಕು ಸಲ ಹೇಳಿದೆ, ನಾಲ್ಕು ಸಲವೂ ಮನೆ ಯಾರದು ಅಂತಲೇ ಕೇಳಿತು. ಹಾಗಾಗಿ ಇವತ್ತು ಮಹನೀಯರೇ ಅನ್ನಲಿಲ್ಲ. ಹಿರಿಯರು ತಪ್ಪು ತಿಳಿಯಬಾರದು.

ಈ ಚರ್ಚಿನ ಅಂಗಳದಲ್ಲಿ ತೊಂಬತ್ತು ದಿನ ಇಪ್ಪತ್ತೈದು ಟೆಂಟುಗಳಿದ್ದವು. ಮನೆಯಿಲ್ಲದ ಐವತ್ತು ಜನ ಅವುಗಳಲ್ಲಿದ್ದರು. ಇವತ್ತು ಬೆಳಿಗ್ಗೆ ಟೆಂಟುಗಳನ್ನ ಬಿಚ್ಚಿ, ಒರೆಸಿ, ಮಡಿಸಿ ಚೀಲಕ್ಕೆ ತುಂಬಿದೆವು. ಹುಲ್ಲಿನ ಮೇಲೆ ಇಪ್ಪತ್ತೈದು ಹಳದಿ ಚೌಕ ಮಾತ್ರ ಉಳಿದಿದೆ. ಹೊರಗೆ ಎರಡು ವ್ಯಾನು ನಿಂತಿವೆ. ಮೊದಲನೆಯದರಲ್ಲಿ, ಕೋಣೆ ಮಂಜೂರಾದ ಮೂವತ್ತೊಂದು ಜನ. ಎರಡನೆಯದರಲ್ಲಿ ಹತ್ತೊಂಬತ್ತು ಜನ. ಅವರು ಇನ್ನೊಂದು ಚರ್ಚಿನ ಅಂಗಳಕ್ಕೆ. ಯಾರು ಯಾವ ವ್ಯಾನು ಅನ್ನೋ ಪಟ್ಟಿ ನನ್ನ ಈ ಜೇಬಿನಲ್ಲಿದೆ. ಕಾರ್ಯಕ್ರಮ ಮುಗಿದ ಮೇಲೆ ಅದನ್ನ ಓದಬೇಕಾದವನು ನಾನೇ.

ಅದಕ್ಕೆ ಮುಂಚೆ ನನಗೆ ಸನ್ಮಾನ. 'ಅತ್ಯುತ್ತಮ ಸ್ವಯಂಸೇವಕ' ಅಂತ ನೆನಪಿನ ಕಾಣಿಕೆ. ಅದು ಆ ಮೇಜಿನ ಮೇಲಿದೆ, ಕಾಗದ ಸುತ್ತಿದ್ದಾರೆ. ಆಕಾರ ನೋಡಿದರೆ ಗಾಜಿನದು ಅನ್ನಿಸುತ್ತದೆ. ತೊಂಬತ್ತು ದಿನದಲ್ಲಿ ಒಂದು ದಿನವೂ ರಜೆ ಹಾಕದ ಒಬ್ಬನೇ ಸ್ವಯಂಸೇವಕ ಅಂತ ಮೇಡಂ ಈಗಷ್ಟೇ ಹೇಳಿದರು. 'ಎಲ್ಲರಿಗಿಂತ ಮೊದಲು ಬರ್ತಾನೆ, ಎಲ್ಲರಿಗಿಂತ ಕೊನೆಗೆ ಹೋಗ್ತಾನೆ' ಅಂದರು. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಹಿಂದಿನ ಸಾಲಿನವರು ಚಪ್ಪಾಳೆಗಿಂತ ಜಾಸ್ತಿ ಕೆಮ್ಮಿದರು. ಅದು ಕೆಮ್ಮಲ್ಲ, ಮೇಡಂ. ನಗು. ಯಾಕೆ ಅಂತ ಹೇಳುತ್ತೇನೆ. ಅದನ್ನ ಹೇಳದೆ ಆ ಗಾಜಿನದನ್ನ ಕೈಗೆ ತೆಗೆದುಕೊಂಡರೆ ಬೀಳಿಸಿಬಿಡುತ್ತೇನೆ ಅನ್ನಿಸುತ್ತಿದೆ.

ಮೊದಲು ನಾನು ಯಾರು ಅಂತ ಹೇಳಬೇಕು. ನಾನು ಈ ಊರಿನವನಲ್ಲ. ಅಕ್ಕ ಶಾಲೆ ಮಕ್ಕಳ ಬ್ಯಾಗು ಹೊಲಿದು ನನ್ನನ್ನ ಸಾಕಿದಳು. ನನ್ನ ಕೈ ಸುಮ್ಮನಿರುವುದಿಲ್ಲ, ಕಾಲೂ ಸುಮ್ಮನಿರುವುದಿಲ್ಲ. 'ನಿನ್ ಕೈಗೆ ಕೆಲಸ ಕೊಡದಿದ್ರೆ ಬಾಗಿಲಿನ ಚಿಲಕ ಬಿಚ್ಚಿ ಕೂತಿರ್ತೀಯ' ಅಂತ ಅವಳು ಬೈಯುತ್ತಿದ್ದಳು. ಬಿಚ್ಚುತ್ತಿದ್ದೆ, ಸುಳ್ಳಲ್ಲ. ವಾಪಸ್ ಹಾಕುವಾಗ ಒಂದು ತಿರುಪು ಉಳಿಯುತ್ತಿತ್ತು. ಎರಡು ವರ್ಷದ ಹಿಂದೆ ಇಲ್ಲಿಗೆ ಬಂದು ಒಂದು ಗೋದಾಮಿನಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಹಚ್ಚುವ ಕೆಲಸಕ್ಕೆ ಸೇರಿದೆ. ನಿಮಿಷಕ್ಕೆ ಏಳು ಡಬ್ಬ. ಮಲಗುವುದೂ ಅಲ್ಲೇ, ಮೇಲಿನ ಅಟ್ಟದಲ್ಲಿ, ಹನ್ನೆರಡು ಮಂಚ. ಆಮೇಲೆ ಗೋದಾಮು ಬೇರೆ ಊರಿಗೆ ಹೋಯಿತು. ಡಬ್ಬಗಳನ್ನ ಜೋಪಾನವಾಗಿ ಲಾರಿಗೆ ಹತ್ತಿಸಿಕೊಂಡು ಹೋದರು. ನಮ್ಮ ಮೇಲೆ 'ಎಚ್ಚರಿಕೆ, ಒಡೆಯುವ ವಸ್ತು' ಅಂತ ಯಾರೂ ಚೀಟಿ ಅಂಟಿಸಿರಲಿಲ್ಲ. ಹಾಗಾಗಿ ನಾವು ಉಳಿದೆವು.

ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಮಂಚವೂ ಅದರ ಜೊತೆಯೇ ಹೋದರೆ ಬೆಳಿಗ್ಗೆ ಎದ್ದು ಹುಡುಕುವುದಕ್ಕೆ ಹೊರಡುವುದಾದರೂ ಎಲ್ಲಿಂದ? ಹತ್ತು ಹನ್ನೆರಡು ದಿನ ಹೇಗೋ ಕಳೆದೆ. ಹೇಗೆ ಅಂತ ಈ ಸಭೆಯಲ್ಲಿ ಹೇಳುವುದಿಲ್ಲ. ಚರ್ಚಿನಲ್ಲಿ ಟೆಂಟು ಹಾಕುತ್ತಾರಂತೆ ಅಂತ ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದರು. ಅವತ್ತು ಒಂದು ಸಂದರ್ಶನಕ್ಕೆ ಹೋಗಿದ್ದೆ. ಇದ್ದದ್ದರಲ್ಲಿ ಒಳ್ಳೆಯ ಶರ್ಟು, ಇಸ್ತ್ರಿ ಮಾಡಿಸಿದ್ದು. ಸಂದರ್ಶನದಲ್ಲಿ ಆ ಶರ್ಟು ನನಗೆ ಒಂದು ಪೈಸೆಯ ಉಪಕಾರ ಮಾಡಲಿಲ್ಲ. ಇಲ್ಲಿಗೆ ಬಂದ ಮೇಲೆ ಮಾತ್ರ ತನ್ನ ಕೆಲಸ ತೋರಿಸಿತು.

ಗೇಟಿನ ಹತ್ತಿರ ಮೇಜು, ಮೇಜಿನ ಮೇಲೆ ಎರಡು ರಿಜಿಸ್ಟರು, ಒಂದು ನೀಲಿ, ಒಂದು ಹಸಿರು. ಮೇಡಂ ಕೂತಿದ್ದರು. ನಮ್ಮ ಮೇಡಂ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆಡ್ ನರ್ಸ್ ಆಗಿದ್ದವರು, ಮಾತು ತೂಕ ಮಾಡಿ ಆಡುತ್ತಾರೆ. ಇಲ್ಲಿಗೆ ಬರುವವರನ್ನ ನಿರಾಶ್ರಿತರು, ನಿರ್ಗತಿಕರು ಅಂತ ಯಾರೂ ಕರೆಯಬಾರದು, ಅತಿಥಿಗಳು ಅನ್ನಬೇಕು ಅಂತ ನಿಯಮ ಮಾಡಿದ್ದರು. ಒಳ್ಳೆಯ ನಿಯಮ. ಆದರೆ ಆಗ ನನಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ಅತಿಥಿ ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ ಎರಡು ಗಂಟೆ ತಡವಾಗಿ ಕಾರಿನಲ್ಲಿ ಬಂದು, ಟವಲು ಹೊದಿಸಿದ ಕುರ್ಚಿಯಲ್ಲಿ ಕೂತು, ನಮ್ಮ ಡ್ಯಾನ್ಸ್ ಮುಗಿಯುವ ಮುಂಚೆ ಎದ್ದು ಹೋಗುವವರು. ಕ್ಷಮಿಸಿ ಸಾಹೇಬರೇ, ನೀವು ಇವತ್ತು ಸರಿಯಾದ ಸಮಯಕ್ಕೇ ಬಂದಿದ್ದೀರಿ.

ಮೇಡಂ ಕೇಳಿದರು: "ನೀವು ಅತಿಥಿನಾ?"

ನಾನು ಹೇಳಿದೆ: "ಇಲ್ಲ ಮೇಡಂ. ನನ್ನನ್ನ ಯಾರೂ ಕರೆದಿಲ್ಲ."

"ಕರೀದೇನೇ ಬಂದ್ರಾ? ಎಷ್ಟು ಒಳ್ಳೇದಾಯ್ತು" ಅಂದರು. ಹಸಿರು ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು, ಕಿತ್ತಳೆ ಬಣ್ಣದ ಒಂದು ಕೋಟು ಕೊಟ್ಟರು. ಈಗ ಹಾಕಿಕೊಂಡಿದ್ದೀನಲ್ಲ, ಇದೇ. ಹಾಕಿಕೊಂಡೆ. ಚಳಿಗೆ ಎಲ್ಲರಿಗೂ ಕೊಡುತ್ತಾರೆ ಅಂದುಕೊಂಡೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಒಬ್ಬರು ಟೆಂಟಿನ ಕಂಬದ ಜೊತೆ ಒದ್ದಾಡುತ್ತಿದ್ದರು. ನನ್ನ ಕೈ ಕೇಳಬೇಕಲ್ಲ. ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಟೆಂಟು ನಿಲ್ಲಿಸಿದ್ದೆ. ಆಮೇಲೆ ಊಟದ ತಟ್ಟೆ ಇಡು ಅಂದರು. ಇಟ್ಟೆ. 'ಅತಿಥಿಗಳು ಯಾವಾಗ ಬರ್ತಾರೆ?' ಅಂತ ಅಡುಗೆಯವರನ್ನ ಕೇಳಿದೆ. ಅವರು ಸೌಟಿನಲ್ಲಿ ಎದುರಿನ ಬೆಂಚುಗಳನ್ನ ತೋರಿಸಿದರು. ಅಲ್ಲಿ ನನ್ನ ಹಾಗೇ ಬ್ಯಾಗು ಹೊತ್ತುಕೊಂಡು ಬಂದವರೆಲ್ಲ ಕೂತಿದ್ದರು.

ಆಗ ಗೊತ್ತಾಯಿತು. ಓಡಿಹೋಗಿ ಮೇಡಂ ಮುಂದೆ ನಿಂತೆ. ಅವರು ನೀಲಿ ರಿಜಿಸ್ಟರಿನ ಕೊನೆಯ ಸಾಲಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. 'ಐವತ್ತು ಭರ್ತಿ ಆಯ್ತು. ನಗರಸಭೆಯವರು ಕೊಟ್ಟಿರೋ ಅನುಮತಿ ಐವತ್ತಕ್ಕೇ. ಒಂದು ತಲೆ ಜಾಸ್ತಿ ಆದ್ರೂ ಕ್ಯಾಂಪ್ ಮುಚ್ಚಿಸ್ತಾರೆ. ಏನು ಬೇಕಿತ್ತಪ್ಪ?' ಅಂದರು. ಏನು ಬೇಕಿತ್ತು? ನಾನು 'ಸ್ಪೂನು ಸಾಲ್ತಿಲ್ಲ ಮೇಡಂ' ಅಂದೆ.

ಸಭಿಕರೇ, ಇದು ನನ್ನ ಮೊದಲನೇ ಮಾತು. ನಾನು ಸ್ವಯಂಸೇವಕನಾಗಿದ್ದು ಸ್ವಇಚ್ಛೆಯಿಂದ ಅಲ್ಲ. ಹಾಗಾದರೆ ಮೋಸ ಮಾಡಿದೆನಾ? ಅದೂ ಗೊತ್ತಿಲ್ಲ. ಸ್ಪೂನುಗಳು ನಿಜವಾಗಿಯೂ ಸಾಲುತ್ತಿರಲಿಲ್ಲ.

ಅವತ್ತು ಸಂಜೆ ಕೋಟು ವಾಪಸ್ ಕೊಟ್ಟು, ಮುಂದಿನ ಗೇಟಿನಿಂದ 'ನಾಳೆ ಬರ್ತೀನಿ' ಅಂತ ಹೇಳಿ ಹೊರಟೆ. ಎಲ್ಲಿಗೆ? ರಸ್ತೆಯ ಕೊನೆಯ ತನಕ ಹೋದೆ. ಅಲ್ಲಿ ಬಲಕ್ಕೆ ತಿರುಗಿದರೆ ಚರ್ಚಿನ ಹಿಂದಿನ ಗೋಡೆ, ನೀರಿನ ತೊಟ್ಟಿ, ಒಂದು ಸಣ್ಣ ಗೇಟು. ಹದಿನೇಳನೇ ಟೆಂಟಿನ ಮುಂದೆ ಮೇಷ್ಟ್ರು ಕೂತಿದ್ದರು. ನೀಲಿ ರಿಜಿಸ್ಟರಿನಲ್ಲಿ ಐವತ್ತನೆಯವರು ಅವರೇ. ಅವರ ಟೈಪಿಂಗ್ ಶಾಲೆ ಮುಚ್ಚಿತು, ಶಾಲೆಯ ಹಿಂದಿನ ಕೋಣೆಯೇ ಅವರ ಮನೆಯಾಗಿತ್ತು. ಅವರು ನನ್ನ ಬ್ಯಾಗು ನೋಡಿದರು, ಶರ್ಟು ನೋಡಿದರು. ಟೆಂಟಿನ ಬಾಯಿ ಎತ್ತಿ ಹಿಡಿದರು.

"ಒಳಗೆ ಇನ್ನೊಬ್ಬರು ಲಾರಿ ಡ್ರೈವರು ಇದಾರೆ, ಗೊರಕೆ ಹೊಡೀತಾರೆ. ಜಾಗ ಅಂತ ಏನೂ ಇಲ್ಲ. ನಾವಿಬ್ಬರೂ ಅಕ್ಷರ, ನೀನು ಒತ್ತಕ್ಷರ. ಕೆಳಗೆ ಸೇರ್ಕೋ."

ಸೇರಿಕೊಂಡೆ. ಅವರಿಬ್ಬರ ಕಾಲ ಬಳಿ, ಅಡ್ಡಡ್ಡ. ಒತ್ತಕ್ಷರಕ್ಕೆ ಸಾಲಿನಲ್ಲಿ ಸ್ವಂತ ಜಾಗ ಇಲ್ಲ, ಆದರೆ ಅದನ್ನ ಬಿಟ್ಟು ಓದಿದರೆ ಅಕ್ಕ ಹೋಗಿ ಅಕ ಆಗುತ್ತಾಳೆ ಅಂತ ಮೇಷ್ಟ್ರು ಹೇಳುತ್ತಿದ್ದರು. ಅವರಿಗೆ ಮಾತೆಲ್ಲ ಅಕ್ಷರದಲ್ಲೇ. ಅತಿಥಿ ಅಂದರೆ ಬರುವ ತಿಥಿ ಗೊತ್ತಿಲ್ಲದವನು ಅಂತಲೂ ಅವರೇ ಹೇಳಿದ್ದು. 'ನಾವು ಸ್ವಲ್ಪ ಉಲ್ಟಾ ಕಣಯ್ಯ, ನಮಗೆ ಹೋಗೋ ತಿಥಿ ಮೊದಲೇ ಬರೆದು ಕೊಟ್ಟಿದಾರೆ.'

ಎಲ್ಲಿದ್ದೆ? ಹಾಂ. ಹೀಗೆ ದಿನವೂ ಬೆಳಿಗ್ಗೆ ಹಿಂದಿನ ಗೇಟಿನಿಂದ ಹೊರಗೆ ಹೋಗಿ ಮುಂದಿನ ಗೇಟಿನಿಂದ ಒಳಗೆ ಬರುತ್ತಿದ್ದೆ. ಎಲ್ಲರಿಗಿಂತ ಮೊದಲು ಬರ್ತಾನೆ ಅಂತ ಮೇಡಂ ಹೇಳಿದ್ದು ಇದನ್ನೇ. ಎಂಟು ಗಂಟೆಗೆ ಎಣಿಕೆ. ಮೇಡಂ ಒಂದೊಂದು ಟೆಂಟಿನ ಮುಂದೆ ನಿಂತು ತಲೆ ಎಣಿಸುವುದು, ನಾನು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಬರೆಯುವುದು. ಹದಿನೇಳನೇ ಟೆಂಟಿನ ಮುಂದೆ ಮೇಡಂ 'ಇಬ್ಬರು' ಅನ್ನುತ್ತಿದ್ದರು, ನಾನು ಇಬ್ಬರು ಅಂತ ಬರೆಯುತ್ತಿದ್ದೆ. ಡ್ರೈವರಣ್ಣ ಆಕಾಶ ನೋಡುತ್ತಿದ್ದರು. ಮೇಡಂ, ನಿಮ್ಮ ಎಣಿಕೆ ಒಂದು ದಿನವೂ ತಪ್ಪಾಗಿಲ್ಲ. ಪೆನ್ಸಿಲ್ ಹಿಡಿದವನನ್ನ ಯಾರು ಎಣಿಸುತ್ತಾರೆ?

ಅಕ್ಕನಿಗೆ ಏನು ಹೇಳಿದ್ದೆ ಅಂದರೆ, ಚರ್ಚಿನಲ್ಲಿ ಕೆಲಸ, ರೂಮೂ ಅಲ್ಲೇ ಅಂತ. ಒಂದು ದಿನ ವೀಡಿಯೊ ಕಾಲ್ ಮಾಡಿ ರೂಮು ತೋರಿಸು ಅಂದಳು. ಹಾಡಿನವರು ಅಭ್ಯಾಸ ಮಾಡುವ ಕೋಣೆಗೆ ಓಡಿದೆ. ಗೋಡೆ ತೋರಿಸಿದೆ, ಕಿಟಕಿ ತೋರಿಸಿದೆ, ಕೈ ಸ್ವಲ್ಪ ಜಾರಿತು. 'ಅಲ್ವೋ, ನಿನ್ ರೂಮಲ್ಲಿ ಪಿಯಾನೋ ಇಟ್ಟಿದಾರಾ?' ಅಂದಳು. ಬಾಡಿಗೆಯ ಜೊತೆ ಸೇರಿದೆ ಅಂದೆ. 'ಹಾಗಾದ್ರೆ ನುಡಿಸೋದಾದ್ರೂ ಕಲಿ' ಅಂದಳು. ಅವಳು ನಂಬಿದಳೋ ಇಲ್ಲವೋ, ಇದುವರೆಗೂ ನನಗೆ ತಿಳಿದಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಮೊಬೈಲಿನಲ್ಲಿ ಅಭ್ಯಾಸ ಮಾಡಿದಾಗ ಇದನ್ನ ಹೇಳಿರಲಿಲ್ಲ. ಮೂವತ್ತನೇ ದಿನವೋ ಮೂವತ್ತೊಂದನೇ ದಿನವೋ, ಗೇಟಿನಲ್ಲಿ ನನ್ನ ಪಾಳಿ. ಒಬ್ಬರು ಬಂದರು. ಅಪ್ಪನ ವಯಸ್ಸು. ಒಂದು ಕೈಯಲ್ಲಿ ಬ್ಯಾಗು, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಗೋಡೆ ಗಡಿಯಾರ. ಗಡಿಯಾರ ನಡೆಯುತ್ತಿತ್ತು, ನನಗೆ ಕೇಳಿಸುತ್ತಿತ್ತು. ಜಾಗ ಇದೆಯಾ ಅಂತ ಕೇಳಿದರು.

"ಐವತ್ತು ಭರ್ತಿಯಾಗಿದೆ, ಅಣ್ಣ."

ಅವರು ನನ್ನ ಕೋಟು ನೋಡಿದರು. "ಸರಿ ಸರ್" ಅಂದರು.

ನನ್ನನ್ನ ಸರ್ ಅಂದರು. ಬೇರೆ ಒಂದು ಜಾಗದ ಫೋನ್ ನಂಬರು ಬರೆದುಕೊಟ್ಟೆ. ಅಲ್ಲಿ ಯಾರೂ ಫೋನ್ ಎತ್ತುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವರು ಆ ಚೀಟಿಯನ್ನ ಗಡಿಯಾರದ ಪ್ಲಾಸ್ಟಿಕ್ಕಿನೊಳಗೆ ತೂರಿಸಿಕೊಂಡು ಹೋದರು. ಸಂಜೆ ನಾನು ಹದಿನೇಳನೇ ಟೆಂಟಿಗೆ ಬಂದೆ. ಮೇಷ್ಟ್ರನ್ನ ಕೇಳಿದೆ, ನಾನು ಮಲಗಿರೋದು ಆ ಗಡಿಯಾರದವರ ಜಾಗದಲ್ಲಾ ಅಂತ. 'ನಿನಗೇ ಇಲ್ಲದ ಜಾಗ, ಅವರದ್ದು ಹೇಗಾಗತ್ತಯ್ಯ? ಸುಮ್ನೆ ಮಲಗು' ಅಂದರು. ಲೆಕ್ಕ ಸರಿಯಾಗಿಯೇ ಇದೆ. ಆದರೂ ಅಷ್ಟು ಗೊರಕೆಯ ನಡುವೆಯೂ ನನಗೆ ಆ ಗಡಿಯಾರವೇ ಕೇಳುತ್ತಿತ್ತು. ಅವರನ್ನ ಆಮೇಲೆ ಎಲ್ಲೂ ನೋಡಲಿಲ್ಲ. ನಿಮ್ಮಲ್ಲಿ ಯಾರಾದರೂ ನೋಡಿದ್ದರೆ ಕಾರ್ಯಕ್ರಮದ ನಂತರ ದಯವಿಟ್ಟು ನನಗೆ ತಿಳಿಸಬೇಕು.

ಮೇಡಂ, ಈಗ ಎರಡು ಬೆರಳು ತೋರಿಸಿದ್ದೀರಿ. ಮುಗಿಸುತ್ತೇನೆ. ನೀವು ಅಳುತ್ತಿದ್ದೀರೋ ಸಿಟ್ಟಾಗಿದ್ದೀರೋ, ಈ ದೀಪದ ಬೆಳಕಿನಲ್ಲಿ ನನಗೆ ಕಾಣುತ್ತಿಲ್ಲ. ನಡುವೆ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಹೇಳಿದ್ದರೆ ಐವತ್ತೊಂದಾಗುತ್ತಿತ್ತು. ನನ್ನೊಬ್ಬನಿಂದ ಇಪ್ಪತ್ತೈದು ಟೆಂಟೂ ಕಿತ್ತುಹೋಗುತ್ತಿದ್ದವು. ಅನುಮತಿ ಇವತ್ತು ಸಂಜೆ ಐದಕ್ಕೆ ಮುಗಿಯಿತು. ಈ ಕಾರ್ಯಕ್ರಮವನ್ನ ಐದೂವರೆಗೆ ಇಟ್ಟುಕೊಂಡಿದ್ದಕ್ಕೆ ಸಂಘಟಕರಿಗೆ ನಾನು ಚಿರಋಣಿ.

ಈಗ ಎರಡನೇ ಮಾತು. ಇದು ಮುಖ್ಯ ಅತಿಥಿಗಳಿಗೆ.

ಸಾಹೇಬರೇ, ಪ್ರತಿ ಗುರುವಾರ ನೀವು ಬಂದು ಈ ಹಾಲಿನಲ್ಲೇ ಒಬ್ಬೊಬ್ಬರನ್ನ ಕರೆದು ವಸತಿ ಅರ್ಜಿ ತುಂಬಿಸಿಕೊಳ್ಳುತ್ತಿದ್ದಿರಿ. ಬೆಂಚು ಹಾಕುತ್ತಿದ್ದವನು ನಾನು. ಓದಲು ಬರೆಯಲು ಕಷ್ಟವಿದ್ದವರ ಅರ್ಜಿಗಳನ್ನ ತುಂಬಿದವನೂ ನಾನೇ, ಒಟ್ಟು ಇಪ್ಪತ್ತೆರಡು. ಆ ಅರ್ಜಿ ನನಗೆ ಬಾಯಿಪಾಠ. ಅದರಲ್ಲಿ ಒಂಬತ್ತನೇ ಕಲಂ ಇದೆ. 'ಅರ್ಜಿದಾರರು ಕಳೆದ ಅರವತ್ತು ದಿನ ಎಲ್ಲಿ ಮಲಗಿದ್ದರು? ಕಣ್ಣಾರೆ ಕಂಡವರ ಸಹಿ ಮತ್ತು ಖಾಯಂ ವಿಳಾಸ.' ಐವತ್ತು ಜನಕ್ಕೂ ಅಲ್ಲಿ ಮೇಡಂ ಸಹಿ ಮಾಡಿದ್ದಾರೆ, ಚರ್ಚಿನ ವಿಳಾಸ ಬರೆದಿದ್ದಾರೆ.

ಇವತ್ತು ಮಧ್ಯಾಹ್ನ ನಿಮ್ಮ ಆಫೀಸಿನ ಹುಡುಗಿಯ ಹತ್ತಿರ ಒಂದು ಖಾಲಿ ಅರ್ಜಿ ಇಸಕೊಂಡು ನನ್ನದನ್ನ ತುಂಬಿದ್ದೇನೆ. ಒಂಬತ್ತನೆಯದನ್ನ ಬಿಟ್ಟು ಎಲ್ಲ ಆಗಿದೆ. ಅಲ್ಲಿ ಸಿಕ್ಕಿಹಾಕಿಕೊಂಡೆ. ಈ ಹಾಲಿನ ಹಿಂದಿನ ಸಾಲುಗಳಲ್ಲಿ ಕೂತವರೆಲ್ಲ ನನ್ನನ್ನ ಕಣ್ಣಾರೆ ಕಂಡವರು. ಒಬ್ಬರಿಗೂ ಖಾಯಂ ವಿಳಾಸ ಇಲ್ಲ. ಮುಂದಿನ ಸಾಲುಗಳಲ್ಲಿ ಕೂತವರಿಗೆಲ್ಲ ಖಾಯಂ ವಿಳಾಸ ಇದೆ. ಒಬ್ಬರೂ ನೋಡಿಲ್ಲ. ನೋಡಬಾರದು ಅಂತ ನಾನೇ ಅಷ್ಟು ಕಷ್ಟಪಟ್ಟಿದ್ದೇನೆ. ಅರ್ಜಿ ಇವತ್ತು ನಿಮ್ಮ ಬ್ಯಾಗಿಗೆ ಸೇರಿದರೆ ಎರಡನೇ ವ್ಯಾನಿನಲ್ಲಿ ನನಗೊಂದು ಸೀಟು, ಆ ಅಂಗಳದಲ್ಲಿ ನಾಳೆಯಿಂದ ನೀಲಿ ರಿಜಿಸ್ಟರಿನಲ್ಲಿ ಒಂದು ಸಾಲು. ಸೇರದಿದ್ದರೆ, ವ್ಯಾನಿನ ಬಾಗಿಲು ಹಾಕಿ ಟಾಟಾ ಮಾಡಿ, ಮುಂದಿನ ಗೇಟಿನಿಂದ ಹೊರಗೆ ಹೋಗಬೇಕು. ಈ ಸಲ ಹಿಂದಿನ ಗೇಟಿನೊಳಗೆ ಟೆಂಟಿಲ್ಲ.

ಅದಕ್ಕೇ ಪಾದ್ರಿಗಳೇ, ನಿಮ್ಮನ್ನ ಒಂದು ಪ್ರಶ್ನೆ ಕೇಳುತ್ತೇನೆ. ಅಧ್ಯಕ್ಷರನ್ನ ಹೀಗೆ ಸಭೆಯ ನಡುವೆ ಪ್ರಶ್ನೆ ಕೇಳಬಾರದು, ಗೊತ್ತು.

ಒಂಬತ್ತು ವಾರದ ಹಿಂದೆ ಒಂದು ಬೆಳಿಗ್ಗೆ ನೀವು ಹೂಕುಂಡಗಳಿಗೆ ನೀರು ಹಿಡಿಯಲು ತೊಟ್ಟಿಯ ಹತ್ತಿರ ಬಂದಿರಿ. ನಾನು ಬನಿಯನ್ನಿನಲ್ಲಿದ್ದೆ, ಬಾಯಿ ತುಂಬ ಟೂತ್‌ಪೇಸ್ಟ್ ನೊರೆ, ಹೆಗಲ ಮೇಲೆ ಡ್ರೈವರಣ್ಣನ ಟವಲು. ನೀವು ನನ್ನನ್ನ ನೋಡಿದಿರಿ. ಕ್ಯಾನು ತುಂಬಿಸಿಕೊಂಡಿರಿ.

"ಬೇಗ ಬಂದ್ಯಾ ಮಗಾ?"

ನಾನು ಹೂಂ ಅಂದೆ. ನೊರೆ ಗಲ್ಲದ ಮೇಲೆ ಇಳಿಯಿತು.

"ನಿದ್ದೆ ಆಯ್ತಾ?" ಅಂದಿರಿ. ಉತ್ತರಕ್ಕೆ ಕಾಯದೆ ಹೊರಟುಹೋದಿರಿ.

ಕೆಲಸಕ್ಕೆ ಬಂದವನನ್ನ ಯಾರಾದರೂ ನಿದ್ದೆ ಆಯಿತಾ ಅಂತ ಕೇಳುತ್ತಾರಾ? ಸುಮ್ಮನೆ ಉಪಚಾರಕ್ಕೆ ಕೇಳಿರಬಹುದು. ಆದರೆ ಆ ಹಿಂದಿನ ಗೇಟು, ತೆಗೆದಾಗಲೆಲ್ಲ ಕೀರ್ ಅಂತ ಇಡೀ ಬೀದಿಗೆ ನನ್ನ ವಿಷಯ ಹೇಳುತ್ತಿದ್ದ ಗೇಟು, ಮಾರನೇ ದಿನದಿಂದ ಉಸಿರೆತ್ತಲಿಲ್ಲ. ಬೆರಳಿಟ್ಟು ನೋಡಿದೆ, ಎಣ್ಣೆ. ಎಣ್ಣೆ ಡಬ್ಬದ ಬೀರುವಿನ ಬೀಗದ ಕೈ ಇರುವುದು ನಿಮ್ಮ ಹತ್ತಿರ ಮಾತ್ರ. ಒಂಬತ್ತು ವಾರದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಇವರಿಗೆ ಗೊತ್ತಾ? ಗೊತ್ತಿದ್ದರೆ ಯಾಕೆ ಹೇಳಲಿಲ್ಲ? ಗೊತ್ತಿಲ್ಲದಿದ್ದರೆ ಯಾಕೆ ಎಣ್ಣೆ ಹಾಕಿದರು? ನಿಮ್ಮ ಮುಖ ನೋಡಿದರೆ ನನಗೆ ಏನೂ ಗೊತ್ತಾಗುವುದಿಲ್ಲ, ಈಗಲೂ ಗೊತ್ತಾಗುತ್ತಿಲ್ಲ.

ಸುಳ್ಳು ಸಹಿ ನನಗೆ ಬೇಡ. ನೀವು ನೋಡಿಲ್ಲ ಅಂದರೆ ನೋಡಿಲ್ಲ ಅನ್ನಿ, ನಾನು ಪಟ್ಟಿ ಓದಿ ಎಲ್ಲರನ್ನ ವ್ಯಾನು ಹತ್ತಿಸುತ್ತೇನೆ, ಕೆಲಸ ಕೆಡಿಸುವುದಿಲ್ಲ. ನೋಡಿದ್ದರೆ ಮಾತ್ರ, ಕಣ್ಣಾರೆ ನೋಡಿದ್ದರೆ, ಒಂಬತ್ತನೇ ಕಲಂ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಮುಂದಿನ ಸಾಲಿನವರಿಗೆ, ತೊಂಬತ್ತು ದಿನ ಬಾಯಿ ಬಿಡದ ಹಿಂದಿನ ಸಾಲಿನವರಿಗೆ, ನನ್ನಿಂದಾಗಿ ಕಾಲು ಮಡಿಸಿಕೊಂಡೇ ಮಲಗಿದ ಮೇಷ್ಟ್ರಿಗೆ, ಡ್ರೈವರಣ್ಣನಿಗೆ, ನನ್ನ ಮೇಲೆ ಸಿಟ್ಟಾಗುವ ಪೂರ್ತಿ ಹಕ್ಕಿರುವ ಮೇಡಂಗೆ, ಎಲ್ಲರಿಗೂ ಧನ್ಯವಾದ.

ಪಾದ್ರಿಗಳು ಜೇಬು ತಡಕುತ್ತಿದ್ದಾರೆ. ಕನ್ನಡಕಕ್ಕೋ ಪೆನ್ನಿಗೋ ಗೊತ್ತಾಗುತ್ತಿಲ್ಲ.

ಪೆನ್ನಾದರೆ ನನ್ನ ಹತ್ತಿರ ಇದೆ, ಫಾದರ್. ತರುತ್ತೇನೆ, ನೀವು ಏಳಬೇಡಿ.

ನಮಸ್ಕಾರ.